ಸಣ್ಣ ಕೂಸಿಗೆ ಏನ್ ನೆನಪಿರ್ತೈತ್ರಿ ಅಕ್ಕೋರ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಗಂಗಾವತಿ ಕಡೆ ಒಂದು ಹಳ್ಳಿಯೊಳಗ ನಾನು ಹೈಸ್ಕೂಲ್ ಟೀಚರ್. ಶಾಲಿ ಕೆಲಸದ ಜೋಡಿ ಅಂಗನವಾಡಿ ತಾಯಂದಿರ ಸಭೆ, ಎಸ್‌ಡಿಎಂಸಿ ಮೀಟಿಂಗ್, ಸಂಘದ ಅಕ್ಕಂದಿರು ಕರೆದ ಕಡೆ ಎಲ್ಲಾ ಹೋಗಿ ಮಕ್ಕಳ ಮನಸ್ಸಿನ ಬಗ್ಗೆ ಮಾತಾಡ್ತೀನಿ. ಮನಿಯೊಳಗಿನ ಹೊಡೆತ ಬಡಿತ, ಕುಡಿತ, ದಿನಾ ರಾತ್ರಿ ಆಗೋ ಜಗಳ, ಇವು ಸಣ್ಣ ಮಕ್ಕಳಿಗೆ ಏನ್ ಮಾಡ್ತಾವು ಅನ್ನೋದು ನನ್ನ ಮಾತು. ಎಲ್ಲಿ ಹೋದ್ರೂ ಒಂದು ಪ್ರಶ್ನೆ ಮಾತ್ರ ತಪ್ಪಂಗಿಲ್ಲ. "ಅಲ್ರಿ ಅಕ್ಕೋರ, ಎರಡು ವರ್ಷದ ಕೂಸಿಗೆ ಏನ್ ತಿಳೀತೈತಿ, ಅದಕ್ಕೇನ್ ನೆನಪಿರ್ತೈತಿ? ದೊಡ್ಡದಾಗೂದ್ರಾಗ ಮರತು ಬಿಡ್ತೈತಲ್ರಿ."

ಕೇಳೋರು ಕೆಟ್ಟ ಮಂದಿ ಅಲ್ಲ. ಬಾಳ ಸಲ ಕೇಳಾಕಿ ಆ ಕೂಸಿನ ಅವ್ವನೇ ಇರ್ತಾಳ, ಮರೀಲಿ ಅನ್ನೋ ಆಸೆಯಿಂದಾನೇ ಕೇಳ್ತಾಳ. ಸಭೆ ಮುಗಿಯೋ ಹೊತ್ತಿನಾಗ ಚಾ ಕಪ್ ಹಿಡಕೊಂಡು ಇದಕ್ಕ ಪೂರ್ತಿ ಉತ್ತರ ಹೇಳಾಕ ಆಗಂಗಿಲ್ಲ, ಅದಕ್ಕ ಇಲ್ಲಿ ಬರೀತೀನಿ.

ಮರೀತೈತಿ ಅನ್ನೋದು ಅರ್ಧ ಖರೆ ಐತಿ. ನಡೆದದ್ದನ್ನ ಕತಿ ಹಂಗ ಹೇಳೋ ನೆನಪು, ಅಂದ್ರ ಅವತ್ತು ಅಪ್ಪ ಬಂದ, ಹಿಂಗಂದ, ಅವ್ವಗ ಹೊಡೆದ ಅನ್ನೋಂಥದ್ದು, ಹುಟ್ಟಿದ ಮೊದಲ ಎರಡ್ಮೂರು ವರ್ಷದ್ದು ಯಾರಿಗೂ ದೊಡ್ಡೋರಾದ ಮ್ಯಾಲೆ ಉಳಿಯಂಗಿಲ್ಲ. ಅದನ್ನ ಕೂಡಿಸಿ ಇಡೋ ಹಿಪೊಕ್ಯಾಂಪಸ್ ಅನ್ನೋ ಮೆದುಳಿನ ಭಾಗ ಆಗಿನ್ನೂ ಬೆಳೀತಾ ಇರ್ತೈತಿ. ಆದ್ರ ಅಂಜಿಕಿ ಗುರುತು ಹಿಡಿಯೋ ಭಾಗ, ಅಮಿಗ್ಡಲಾ ಅಂತಾರ, ಅದು ಹುಟ್ಟಿದಾಗಿಂದ ಕೆಲಸ ಮಾಡ್ತೈತಿ. ಹಂಗಾಗಿ ಕೂಸಿಗೆ ಏನ್ ನಡೀತು ಅನ್ನೋದು ಉಳೀದಿದ್ರೂ, ಏರಿದ ದನಿ ಕೇಳಿದ್ರ ಮೈ ಬಿಗಿ ಹಿಡೀಬೇಕು, ಬಾಗಿಲು ಸಪ್ಪಳ ಆದ್ರ ಎದ್ದೇಳಬೇಕು ಅನ್ನೋದನ್ನ ಮೈ ಕಲ್ತು ಬಿಟ್ಟಿರ್ತೈತಿ.

"ಕೂಸು ಮಲಗಿದ ಮ್ಯಾಲೇನ ನಾವು ಜಗಳಾಡೋದ್ರಿ" ಅಂತ ಒಬ್ಬ ತಂದಿ ನನಗ ಹೇಳಿದ್ದ, ಪಾಪ ತಾನು ಕಾಳಜಿ ಮಾಡೀನಿ ಅನ್ನೋ ಧೈರ್ಯದಿಂದ. ಅಮೆರಿಕದ ಒರೆಗಾನ್ ಯೂನಿವರ್ಸಿಟಿಯೋರು 2013ರಾಗ ಒಂದು ಅಧ್ಯಯನ ಹೊರಗ ತಂದ್ರು, ಆರು ತಿಂಗಳಿಂದ ಒಂದು ವರ್ಷದೊಳಗಿನ 20 ಕೂಸುಗಳನ್ನ ಸ್ವಾಭಾವಿಕವಾಗಿ ನಿದ್ದಿ ಮಾಡ್ತಿರೋವಾಗ ಸ್ಕ್ಯಾನ್ ಮಷಿನ್ ಒಳಗ ಮಲಗಿಸಿ, ಸಿಟ್ಟಿನ ದನಿ, ಖುಷಿ ದನಿ, ಸಾದಾ ದನಿ ಕೇಳಿಸಿ ಮೆದುಳು ನೋಡಿದ್ರು. ಮನಿಯೊಳಗ ಜಗಳ ಜಾಸ್ತಿ ಇದ್ದ ಕೂಸುಗಳ ಮೆದುಳಿನಾಗ ಒತ್ತಡಕ್ಕ ಸಂಬಂಧಪಟ್ಟ ಭಾಗಗಳು ಬಾಳ ಸಿಟ್ಟಿನ ದನಿಗೆ ಉಳಿದವರಕಿಂತ ಜೋರಾಗಿ ಎದ್ದಿದ್ದವು, ನಿದ್ದಿಯೊಳಗನ. ಸಣ್ಣ ಅಧ್ಯಯನ ಅದು, ಇಪ್ಪತ್ತೇ ಕೂಸು, ಅದ್ರ ಮ್ಯಾಲೇ ಎಲ್ಲಾ ನಿಲ್ಲಿಸಾಕ ಬರಂಗಿಲ್ಲ, ಆದ್ರ ಮಲಗಿದ ಕೂಸಿಗೆ ಗೊತ್ತಾಗಂಗಿಲ್ಲ ಅಂತ ಇನ್ನ ಮ್ಯಾಲೆ ಧೈರ್ಯವಾಗಿ ಹೇಳಾಕೂ ಬರಂಗಿಲ್ಲ.

ಒತ್ತಡ ಅಂದ ಕೂಡಲೇ ಎಲ್ಲಾನೂ ಕೆಟ್ಟದ್ದಲ್ಲ, ಇದನ್ನ ಮೊದ್ಲು ಹೇಳ್ಬೇಕು, ಇಲ್ಲಾಂದ್ರ ತಾಯಂದಿರು ಸುಮ್ನ ಹೆದರ್ತಾರ. ಅಂಗನವಾಡಿಯೊಳಗ ಇಂಜೆಕ್ಷನ್ ಮಾಡಿಸಿದಾಗ ಕೂಸು ಚೀರ್ತೈತಿ, ಶಾಲಿಗೆ ಸೇರಿಸಿದ ಮೊದಲ ದಿನ ಅಳ್ತೈತಿ, ಅದು ಬೆಳಿಯಾಕ ಬೇಕಾದ ಒತ್ತಡ. ಮನಿಯೊಳಗ ಅಜ್ಜ ತೀರಿಕೊಂಡ, ಮನಿ ಬಿತ್ತು, ಅವೂ ದೊಡ್ಡವೇ, ಆದ್ರ ಸುತ್ತ ಮಂದಿ ಇದ್ದು ಎತ್ತಿಕೊಂಡ್ರ ತಡಕೊಳ್ಳೋ ಅಂಥವು. ಮೂರನೇದ್ದಕ್ಕ ಟಾಕ್ಸಿಕ್ ಸ್ಟ್ರೆಸ್ ಅಂತಾರ, ವಿಷದಂಥ ಒತ್ತಡ. ದಿನಾ ಅಥವಾ ಮತ್ತ ಮತ್ತ ಆಗೋದು, ಯಾವಾಗ ಆಗ್ತೈತಿ ಅಂತ ತಿಳಿಯಂಗಿಲ್ಲ, ಆದಾಗ ಓಡಿ ಹೋಗಿ ತಬ್ಬಿಕೊಳ್ಳಾಕ ಒಬ್ರೂ ಇರಂಗಿಲ್ಲ. ಹಾರ್ವರ್ಡ್‌ನ ಮಕ್ಕಳ ಬೆಳವಣಿಗಿ ಕೇಂದ್ರದವರು ಈ ಮೂರು ಬಗೆ ಬಿಡಿಸಿ ಹೇಳಿದ್ರು, 2012ರಾಗ ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘನೂ ಇದನ್ನ ಗಂಭೀರವಾಗಿ ತಗೋಬೇಕು ಅಂತ ವರದಿ ಮಾಡ್ತು.

ಮೈಯೊಳಗ ಏನಾಗ್ತೈತಿ ಅಂದ್ರ, ಅಂಜಿಕಿ ಬಂದಾಗ ಅಡ್ರಿನಲಿನ್, ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಬಿಡುಗಡಿ ಆಗಿ ಎದಿ ಬಡಿತ ಏರ್ತೈತಿ, ರಕ್ತದಾಗ ಸಕ್ಕರಿ ಏರ್ತೈತಿ, ಓಡಾಕ ಇಲ್ಲಾ ಎದುರ ನಿಲ್ಲಾಕ ಮೈ ತಯಾರಾಗ್ತೈತಿ. ಅಪಾಯ ಹೋದ ಮ್ಯಾಲೆ ಎಲ್ಲಾ ಇಳೀಬೇಕು. ಆದ್ರ ದಿನಾ ಇದೇ ಆದ್ರ ಅದು ಇಳಿಯೋದನ್ನ ಮರೀತೈತಿ. ನಮ್ಮ ಹೊಲದಾಗ ಪಂಪ್‌ಸೆಟ್‌ಗೆ ಆಟೋ ಸ್ಟಾರ್ಟರ್ ಹಚ್ಚಿರ್ತೀವಲ್ಲ, ಬೋರಿನಾಗ ನೀರು ಇರಲಿ ಬಿಡಲಿ ಕರೆಂಟ್ ಬಂದ್ರ ಸಾಕು ಮೋಟರ್ ಓಡ್ತೈತಿ, ಕೊನೀಗೆ ಸುಡ್ತೈತಿ, ಹಂಗ ಇದು. ಬೆಳೆಯೋ ಮೆದುಳಿಗೆ, ಕಲಿಯೋ ಶಕ್ತಿಗೆ, ರೋಗ ತಡೆಯೋ ಶಕ್ತಿಗೆ, ಎಲ್ಲಾದಕ್ಕೂ ಇದ್ರ ಪೆಟ್ಟು ಬೀಳ್ತೈತಿ.

ಇದು ದೊಡ್ಡೋರಾದ ಮ್ಯಾಲೂ ಹಿಂದ ಬರ್ತೈತಿ ಅಂತ ಜಗತ್ತಿಗೆ ತೋರಿಸಿದ ಕತಿ ಒಂದೈತಿ. ಅಮೆರಿಕದ ಸ್ಯಾನ್ ಡಿಯಾಗೋದಾಗ ವಿನ್ಸೆಂಟ್ ಫೆಲಿಟ್ಟಿ ಅನ್ನೋ ಡಾಕ್ಟರ್ 1980ರ ದಶಕದಾಗ ತೂಕ ಇಳಿಸೋ ಕ್ಲಿನಿಕ್ ನಡೆಸ್ತಿದ್ರು. ಚಂದಂಗ ತೂಕ ಇಳೀತಿದ್ದೋರೇ ಅರ್ಧಕ್ಕ ಬಿಟ್ಟು ಹೋಗಾಕತ್ತಿದ್ರು, ಯಾಕ ಅಂತ ಕುಂತು ಮಾತಾಡಿಸಿದ್ರ ಬಾಳ ಮಂದಿ ಸಣ್ಣೋರಿದ್ದಾಗ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು ಹೊರಗ ಬಂತು. ಕೆಲವರಿಗೆ ದಪ್ಪ ಮೈ ಅನ್ನೋದು ತಮ್ಮನ್ನ ಕಾಯೋ ಗ್ವಾಡಿ ಆಗಿತ್ತು. ಮುಂದ ಅವ್ರು ರಾಬರ್ಟ್ ಆಂಡಾ ಅನ್ನೋ ಇನ್ನೊಬ್ಬ ಡಾಕ್ಟರ್ ಜೋಡಿ ಸೇರಿ 1995ರಿಂದ 1997ರ ತನಕ 17,000ಕ್ಕೂ ಜಾಸ್ತಿ ಮಂದಿಯನ್ನ ಸಣ್ಣೋರಿದ್ದಾಗ ಮನಿಯೊಳಗ ಏನೇನಾಗಿತ್ತು ಅಂತ ಕೇಳಿದ್ರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಹೊಟ್ಟಿ ಬಟ್ಟಿ ಕಡೆ ನೋಡದೆ ಬಿಟ್ಟದ್ದು, ಪ್ರೀತಿ ಇಲ್ದೆ ಬೆಳೆದದ್ದು, ಅವ್ವನ ಮ್ಯಾಲೆ ಹಲ್ಲೆ, ಮನಿಯೊಳಗ ಕುಡಿತ, ಮಾನಸಿಕ ಕಾಯಿಲೆ, ತಂದಿ ತಾಯಿ ಬ್ಯಾರೆ ಆದದ್ದು, ಮನಿಯೋರು ಯಾರಾದ್ರೂ ಜೈಲಿಗೆ ಹೋದದ್ದು. ಮೂರರಾಗ ಎರಡು ಪಾಲು ಮಂದಿಗೆ ಇದ್ರೊಳಗ ಒಂದರ ಆಗಿತ್ತು, ಎಂಟು ಮಂದಿಯೊಳಗ ಒಬ್ಬರಿಗೆ ನಾಲ್ಕು ಅಥವಾ ಅದಕ್ಕೂ ಜಾಸ್ತಿ. ನಾಲ್ಕು ಅಥವಾ ಜಾಸ್ತಿ ಆದೋರೊಳಗ ಡಿಪ್ರೆಶನ್, ಕುಡಿತದ ಚಟ, ಆತ್ಮಹತ್ಯೆ ಪ್ರಯತ್ನ ಒಂದೂ ಆಗದೋರಕಿಂತ ನಾಲ್ಕರಿಂದ ಹನ್ನೆರಡು ಪಟ್ಟು ಜಾಸ್ತಿ ಅಂತ 1998ರಾಗ ಪ್ರಕಟ ಮಾಡಿದ್ರು. ಹೃದಯದ ರೋಗ, ಶ್ವಾಸಕೋಶದ ರೋಗನೂ ಜಾಸ್ತಿ ಇದ್ದವು.

ಆ ಮಂದಿ ಬಡವರೇನಲ್ಲ. ಹೆಚ್ಚಿನೋರು ಕಾಲೇಜು ಮೆಟ್ಟಲು ಹತ್ತಿದೋರು, ಆರೋಗ್ಯ ವಿಮೆ ಇದ್ದೋರು. ನಾನು ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರ ಇಲ್ಲಿ ಬಾಳ ಮಂದಿ ಇದು ಕೂಲಿ ಮಾಡೋರ ಮನಿ ಸಮಸ್ಯೆ ಅಂತ ತಿಳಕೊಂಡಾರ. ನಮ್ಮ ದೇಶದಾಗೂ 2007ರಾಗ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ವರದಿ ತಂತು, ಪಕ್ಕದ ಆಂಧ್ರ, ಮಹಾರಾಷ್ಟ್ರ ಸೇರಿ 13 ರಾಜ್ಯದ 12,447 ಮಕ್ಕಳನ್ನ ಮಾತಾಡಿಸಿದ್ರು, ಮೂವರೊಳಗ ಇಬ್ಬರು ಹೊಡೆತ ತಿಂದೋರು, ಅರ್ಧಕ್ಕೂ ಜಾಸ್ತಿ ಮಕ್ಕಳು ಒಂದಿಲ್ಲೊಂದು ರೀತಿ ಲೈಂಗಿಕ ದೌರ್ಜನ್ಯ ಆಗೇತಿ ಅಂದ್ರು, ಹೆಚ್ಚಿನ ಮಕ್ಕಳು ಅಲ್ಲೀತನಕ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಕಡೆ ಇದು ಹ್ಯಾಂಗ ಕಾಣ್ತೈತಿ? ಯಾವ ಮಗಾನೂ ಬಂದು "ಟೀಚರ್, ನನಗ ಟ್ರಾಮಾ, ಅಂದ್ರ ಮನಸ್ಸಿಗೆ ಆಘಾತ ಆಗೈತಿ" ಅನ್ನಂಗಿಲ್ಲ. ಹೊಟ್ಟಿ ನೋವು ಅಂತೈತಿ, ಸ್ಕ್ಯಾನಿಂಗ್ ಮಾಡಿಸಿದ್ರ ಏನೂ ಇರಂಗಿಲ್ಲ. ಐದನೇ ಕ್ಲಾಸಿನ ಹುಡುಗ ರಾತ್ರಿ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ. ಡಸ್ಟರ್ ಕೈಯಿಂದ ಜಾರಿ ಬಿದ್ರ ಒಬ್ಬಾಕಿ ತಲಿ ಮ್ಯಾಲೆ ಕೈ ಇಟ್ಕೊಂಡು ಬಗ್ಗಿ ಬಿಡ್ತಾಳ. ಇನ್ನೊಬ್ಬ ಸುಮ್ಮನ ಮೈ ಮುಟ್ಟಿದ್ರೂ ಹೊಡೆದಾಟಕ್ಕ ನಿಲ್ತಾನ. ಶಾಲಿಯೊಳಗ ಇವ್ರಿಗೆ ದಡ್ಡ, ಹಠಮಾರಿ, ಗಮನ ಇಲ್ಲ ಅಂತ ಹೆಸರು ಬರ್ತೈತಿ, ಮನಿಯೊಳಗ ಗಾಳಿ ಸೋಕೈತಿ ಅಂತ ತಾಯತ ಕಟ್ಟಸ್ತಾರ. ತಾಯತ ಕಟ್ಟಿಸಿದ್ದಕ್ಕ ನಾನು ಯಾರನ್ನೂ ಬೈಯಂಗಿಲ್ಲ, ಕೂಸಿಗೆ ಏನೋ ಆಗೈತಿ ಅಂತ ಅವ್ರಿಗೆ ಗೊತ್ತಾಗೈತಿ ಅನ್ನೋದೇ ದೊಡ್ಡದು, ಅಲ್ಲಿಂದ ಮುಂದಕ್ಕ ಮಾತಾಡಬಹುದು. ಆದ್ರ ಇಂಥ ಹುಡುಗಗ ಶಾಲಿಯೊಳಗ ಮತ್ತ ಕೋಲು ತೋರಿಸೋದು ಮಾತ್ರ ನನಗ ಸಹಿಸಾಕ ಆಗಂಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಕಲಂ ಮಕ್ಕಳಿಗೆ ಹೊಡಿಯೋದನ್ನೂ ಮನಸ್ಸಿಗೆ ಹಿಂಸೆ ಕೊಡೋದನ್ನೂ ಎರಡನ್ನೂ ನಿಷೇಧ ಮಾಡೈತಿ.

ಗುಳೆ ಬಗ್ಗೆ ಕೇಳ್ತಾರ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗ ಕಡೆ ಮಳಿ ಕೈಕೊಟ್ಟ ವರ್ಷ ಊರಿಗೆ ಊರೇ ಬೆಂಗಳೂರು, ಪುಣೆ, ಗೋವಾ ಅಂತ ದುಡಿಯಾಕ ಹೋಗ್ತೈತಿ. ಮಕ್ಕಳನ್ನ ಕರಕೊಂಡು ಹೋಗೋದು ಛಲೋನೋ, ಅಜ್ಜಿ ಹತ್ರ ಬಿಡೋದು ಛಲೋನೋ? ನನ್ನ ಕೇಳಿದ್ರ ಊರು ಯಾವ್ದು, ಶೆಡ್ಡೋ ಮನಿಯೋ ಅನ್ನೋದಕಿಂತ ಕೂಸಿನ ಹತ್ರ ಯಾರು ಇರ್ತಾರ ಅನ್ನೋದು ದೊಡ್ಡದು. ಅಜ್ಜಿ ಗಟ್ಟಿ ಇದ್ದು, ಕೂಸು ಆಕಿಗೆ ಹೊಂದಿಕೊಂಡಿದ್ದು, ಅವ್ವ ಅಪ್ಪ ಯಾವಾಗ ಬರ್ತಾರ ಅಂತ ಖರೆ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಫೋನ್ ಮಾಡಿದ್ರ ಆ ಕೂಸು ತಡಕೊಳ್ತೈತಿ. ಮಲಗಿದ್ದಾಗ ಕದ್ದು ಬಸ್ ಹತ್ತಿ ಹೋಗ್ತಾರಲ್ಲ, ಅಳ್ತೈತಿ ಅಂತ, ಅದನ್ನ ಮಾತ್ರ ಮಾಡಬ್ಯಾಡ್ರಿ. ಎದ್ದ ಮ್ಯಾಲೆ ಆ ಕೂಸಿಗೆ ನಿದ್ದಿ ಮ್ಯಾಲೇನೇ ನಂಬಿಕಿ ಹೋಗ್ತೈತಿ.

ಇಷ್ಟು ಕೇಳಿದ ಮ್ಯಾಲೆ ಎದುರು ಕುಂತೋರ ಮಕ ಇಳೀತೈತಿ. "ಹಂಗಾದ್ರ ನಮ್ಮ ಹುಡುಗುಂದು ಆಗಿ ಹೋಯ್ತೇನ್ರಿ?" ಇಲ್ಲ. ಆಗಿ ಹೋಗಿಲ್ಲ. ಮ್ಯಾಲೆ ಹೇಳಿದ ಲೆಕ್ಕ ಸಾವಿರಾರು ಮಂದಿ ಮ್ಯಾಲಿನ ಲೆಕ್ಕ, ಒಂದು ಹುಡುಗನ ಹಣಿಬರ ಅಲ್ಲ. ಹವಾಯಿಯ ಕೌಆಯಿ ಅನ್ನೋ ದ್ವೀಪದಾಗ ಎಮ್ಮಿ ವರ್ನರ್ ಅನ್ನೋ ಮನಃಶಾಸ್ತ್ರಜ್ಞೆ 1955ರಾಗ ಹುಟ್ಟಿದ 698 ಮಕ್ಕಳ ಹಿಂದ ತಮ್ಮ ತಂಡದ ಜೋಡಿ ನಲವತ್ತು ವರ್ಷ ಬಿದ್ರು. ಬಡತನ, ಮನಿ ಜಗಳ, ತಂದಿ ತಾಯಿ ಕಾಯಿಲೆ ಎಲ್ಲಾ ಸೇರಿ ಬಾಳ ಕಷ್ಟದಾಗ ಬೆಳೆದ ಮಕ್ಕಳೊಳಗೂ ಸುಮಾರು ಮೂರರಾಗ ಒಂದು ಪಾಲು ಛಲೋ ಮನುಷ್ಯರಾಗಿ ನಿಂತ್ರು. ಅವ್ರಿಗೆ ಒಬ್ಬರಾದ್ರೂ ಗಟ್ಟಿಯಾಗಿ ಹಿಂದ ನಿಂತೋರು ಇದ್ರು, ಅಜ್ಜಿ ಇರಬಹುದು, ಸೋದರತ್ತಿ ಇರಬಹುದು, ಟೀಚರ್ ಇರಬಹುದು. ಹದಿನೆಂಟು ವಯಸ್ಸಿಗೆ ದಾರಿ ತಪ್ಪಿದೋರೊಳಗೂ ಬಾಳ ಮಂದಿ ಮೂವತ್ತು ನಲವತ್ತಕ್ಕ ಬರೂದ್ರಾಗ ಸುಧಾರಿಸಿಕೊಂಡಿದ್ರು, ಈ ಮಾತು ನನಗ ಬಾಳ ಮುಖ್ಯ ಅನಿಸ್ತೈತಿ. ರೊಮೇನಿಯಾದ ಬುಕಾರೆಸ್ಟ್‌ನಾಗ 2000ದಿಂದ ನಡೆದ ಅಧ್ಯಯನದಾಗ, ಅನಾಥಾಲಯದ 136 ಕೂಸುಗಳೊಳಗ ಅರ್ಧ ಮಕ್ಕಳನ್ನ ಸಾಕು ಮನಿಗೆ ಕಳಿಸಿದಾಗ ಅವ್ರ ಬುದ್ಧಿ, ಸಾಕಿದೋರ ಜೋಡಿ ನಂಟು ಎರಡೂ ಮ್ಯಾಲೆ ಬಂದವು, ಎರಡು ವರ್ಷದೊಳಗ ಹೋದೋರಿಗೆ ಜಾಸ್ತಿ ಉಪಯೋಗ ಆತು. ಅಂದ್ರ ಬೇಗ ಆದಷ್ಟು ಛಲೋ, ತಡ ಆದ್ರೂ ದಂಡ ಅಲ್ಲ.

ಅದಕ್ಕ ನಾನು ಮೊದ್ಲು ಹೇಳೋದು, ಕೂಸಿನ ನೆನಪು ಕೆದಕಾಕ ಹೋಗಬ್ಯಾಡ್ರಿ. "ಅವತ್ತು ಏನಾತು ಹೇಳು, ಹೇಳು" ಅಂತ ಕುಂದ್ರಿಸಿಕೊಂಡು ಕೇಳೋದರಿಂದ ಅದು ಇನ್ನೊಮ್ಮೆ ಹೆದರ್ತೈತಿ. ಅದಾಗೇ ಹೇಳಿದ್ರ ಪೂರ್ತಿ ಕೇಳ್ರಿ, ನಂಬ್ರಿ, "ನಿಂದೇನು ತಪ್ಪಿಲ್ಲ" ಅನ್ರಿ. ಉಳಿದದ್ದು ದಿನದ ಕೆಲಸ. ಊಟ ಒಂದೇ ಹೊತ್ತಿಗೆ, ಮಲಗೋ ಜಾಗ ಒಂದೇ, ಮಲಗೋವಾಗ ಪಕ್ಕಕ್ಕ ಒಬ್ಬರು. ಕೂಸು ಏನೋ ತೋರಿಸಿದಾಗ ಮೊಬೈಲ್ ಬಿಟ್ಟು ಅದ್ರ ಮಕ ನೋಡಿ ಮಾತಾಡೋದು. ನಾವೂ ಮನುಷ್ಯರೇ, ಸಿಟ್ಟು ಬರ್ತೈತಿ, ಬೈದು ಬಿಡ್ತೀವಿ. ಆಮ್ಯಾಲೆ ಹತ್ರ ಹೋಗಿ "ನನಗ ಸಿಟ್ಟು ಬಂದಿತ್ತು, ಹಂಗ ಅನ್ನಬಾರದಿತ್ತು" ಅಂತ ಕೂಸಿಗೆ ಹೇಳೋದು ನಮ್ಮ ಮನಿಗಳೊಳಗ ರೂಢಿ ಇಲ್ಲ, ಅದನ್ನ ರೂಢಿ ಮಾಡ್ಕೋಬೇಕು, ಜಗಳ ಆದ ಮ್ಯಾಲೆ ಮತ್ತ ಕೂಡತಾರ ಅನ್ನೋದನ್ನ ಕೂಸು ಕಣ್ಣಿಂದ ನೋಡಬೇಕು.

ಇನ್ನೊಂದು, ಅವ್ವನೇ ದಿನಾ ಹೊಡೆತ ತಿನ್ನಾಕತ್ತಿದ್ರ ಆಕಿಗೆ "ಕೂಸಿನ ಜೋಡಿ ನಗನಗತಾ ಇರು" ಅಂತ ಹೇಳೋದು ಅನ್ಯಾಯ. ಅಲ್ಲಿ ಮೊದ್ಲು ಆಗಬೇಕಾದ್ದು ಆಕಿಯನ್ನ ಉಳಿಸೋದು, ಮನಿ ಮಂದಿ, ಅಕ್ಕಪಕ್ಕದೋರು, ಸಂಘದೋರು ಎಲ್ಲಾ ಸೇರಿ. ಅದು ಅವ್ರ ಮನಿ ವಿಷಯ ಅಂತ ಬಾಗಿಲು ಹಾಕ್ಕೊಂಡ್ರ ಆ ಬಾಗಿಲ ಆಚೆ ಒಂದು ಕೂಸೂ ಐತಿ.

ಸಭೆ ಮುಗಿದ ಮ್ಯಾಲೆ ಗಂಡಸರು ಹೊರಗ ಬೈಕ್ ಹತ್ರ ನಿಂತು ಕೇಳ್ತಾರ, ದನಿ ಸಣ್ಣದು ಮಾಡಿ, "ಅಕ್ಕೋರ, ಸಣ್ಣಾಂವ ಇದ್ದಾಗ ನನಗ ಹಿಂಗಾಗಿತ್ತು, ಈಗ ನನ್ನ ಮಗನ ಮ್ಯಾಲೆ ಕೈ ಏಳ್ತೈತಿ" ಅಂತ. ಇದನ್ನ ಬಾಯಿಬಿಟ್ಟು ಹೇಳೋದಕ್ಕ ಬಾಳ ಧೈರ್ಯ ಬೇಕು. ಅವ್ರಿಗೆ ನಾನು ಹೇಳೋದು ಇದಕ್ಕ ಚಿಕಿತ್ಸೆ ಐತಿ ಅಂತ, ಮಾತಿನ ಮೂಲಕ ಮಾಡೋ ಚಿಕಿತ್ಸೆ, ಆಘಾತಕ್ಕಂತಾನೇ ಇರೋ ವಿಧಾನಗಳನ್ನ ವಿಶ್ವ ಆರೋಗ್ಯ ಸಂಸ್ಥೆನೂ 2013ರಾಗ ಶಿಫಾರಸು ಮಾಡೈತಿ.

ಎಲ್ಲಿಗೆ ಹೋಗೋದು ಅಂದ್ರ ದೂರ ಇಲ್ಲ. 1980ರ ದಶಕದಾಗ ಬೆಂಗಳೂರಿನ ನಿಮ್ಹಾನ್ಸ್‌ನೋರು ಹಳ್ಳಿ ಆಸ್ಪತ್ರಿ ಡಾಕ್ಟರ್‌ಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನಸ್ಸಿನ ಚಿಕಿತ್ಸೆ ಊರ ಹತ್ರ ತರೋ ಪ್ರಯೋಗ ಮಾಡಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯೊಳಗ, ಅದಕ್ಕ ಬಳ್ಳಾರಿ ಮಾದರಿ ಅಂತಾನೇ ಹೆಸರು, 1996ರಾಗ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಅದೇ ಬುನಾದಿ. ಇವತ್ತು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರಿ ಅದಾವು. ಮನೋಚೈತನ್ಯ ಕಾರ್ಯಕ್ರಮದಾಗ ಮಂಗಳವಾರ ತಾಲೂಕು ಆಸ್ಪತ್ರಿಗೆ ಮನೋವೈದ್ಯರು ಬರೋ ವ್ಯವಸ್ಥೆ ಐತಿ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆ ಹತ್ರ ಕೇಳ್ರಿ. ಕೂಸಿನ ಮ್ಯಾಲೆ ದೌರ್ಜನ್ಯ ನಡದೈತಿ ಅನಿಸಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ, ಲೈಂಗಿಕ ದೌರ್ಜನ್ಯ ಗೊತ್ತಾದ್ರ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳ್ತೈತಿ. ಆಸ್ಪತ್ರಿಗೆ ಹೋದ್ರ ಮಂದಿ ಏನಂತಾರೋ ಅನ್ನೋ ಮುಜುಗರ ಇದ್ದೋರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚ್ರಿ, ದುಡ್ಡು ಹತ್ತಂಗಿಲ್ಲ, ಹಗಲು ರಾತ್ರಿ ಯಾವಾಗಾದ್ರೂ ಆಗ್ತೈತಿ, ಕನ್ನಡದಾಗ ಮಾತಾಡ್ತಾರ. ಏನ್ ಹೇಳಬೇಕು ತಿಳೀದಿದ್ರ "ನಮ್ಮ ಹುಡುಗ ರಾತ್ರಿ ಚೀರಿ ಏಳ್ತಾನ" ಅಂತಷ್ಟೇ ಶುರು ಮಾಡ್ರಿ, ಮುಂದಿಂದು ಅವ್ರು ಕೇಳ್ಕೋತಾರ.