ಗ್ಯಾಸ್ ಒಲೆಯ ಪಕ್ಕದಲ್ಲಿ ಇಂಡಕ್ಷನ್: ಆರು ವಾರಗಳ ಲೆಕ್ಕ

ದಿನ 1
ಮೈಸೂರಿನ ನಮ್ಮ ಮನೆಯಲ್ಲಿ ನಾವು ನಾಲ್ವರು. 14.2 ಕೆಜಿಯ ಸಿಲಿಂಡರ್ ನಮಗೆ ಸುಮಾರು 35 ದಿನ ಬರುತ್ತದೆ. ಅಡುಗೆಯನ್ನು ಪೂರ್ತಿಯಾಗಿ ವಿದ್ಯುತ್ತಿಗೆ ಬದಲಾಯಿಸಬಹುದೇ ಎಂಬುದನ್ನು ಅಳತೆ ಮಾಡಿಯೇ ತಿಳಿಯಬೇಕೆಂದು 2000 ವ್ಯಾಟಿನ ಇಂಡಕ್ಷನ್ ಒಲೆಯೊಂದನ್ನು ತಂದಿದ್ದೇನೆ. ಅದು ಸುಮಾರು 8.7 ಆಂಪಿಯರ್ ಎಳೆಯುವುದರಿಂದ ಮಿಕ್ಸಿಗೆಂದು ಇದ್ದ 6 ಆಂಪಿಯರ್ ಪ್ಲಗ್ಗಿಗೆ ಹಾಕುವಂತಿರಲಿಲ್ಲ. ಹಾಗಾಗಿ ಮೊದಲು ಪ್ರತ್ಯೇಕ ತಂತಿ ಎಳೆಸಿ, 16 ಆಂಪಿಯರಿನ ಪವರ್ ಪ್ಲಗ್ ಹಾಕಿಸಿದೆ. ಹೊಸ ಸಿಲಿಂಡರ್ ಜೋಡಿಸಿದ ಇಂದಿನಿಂದ ಎಣಿಕೆ ಆರಂಭ.

ಪಾತ್ರೆಗಳ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿದೆ. ಕಬ್ಬಿಣದ ಕಾವಲಿ ಅದನ್ನು ಗಟ್ಟಿಯಾಗಿ ಹಿಡಿಯಿತು. ಅಲ್ಯುಮಿನಿಯಂ ಕುಕ್ಕರ್ ಮತ್ತು ಹಿತ್ತಾಳೆ ಪಾತ್ರೆ ಹಿಡಿಯಲಿಲ್ಲ. ಸ್ಟೀಲಿನಲ್ಲಿ ಕೆಲವು ಹಿಡಿದವು, ಕೆಲವು ಇಲ್ಲ. ಸ್ಟೀಲ್ ಕುಕ್ಕರೊಂದನ್ನು ಕೊಳ್ಳಲೇಬೇಕಾಯಿತು.

ದಿನ 9
ಎರಡು ಲೀಟರ್ ನೀರಿನ ಪರೀಕ್ಷೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ದಾಟುತ್ತಿದ್ದಂತೆಯೇ ಕುದಿಯುತ್ತದೆ. 25 ಡಿಗ್ರಿಯಿಂದ ಅಲ್ಲಿಗೆ ತರಲು ನೀರಿಗೆ ಬೇಕಾದ ಶಾಖ ಸುಮಾರು 0.17 ಯೂನಿಟ್, ಮೀಟರ್ ತೋರಿಸಿದ್ದು 0.20. ಅಂದರೆ ಎಳೆದ ವಿದ್ಯುತ್ತಿನಲ್ಲಿ ಶೇಕಡಾ 85ರಷ್ಟು ನೀರಿಗೇ ಸೇರಿದೆ. ಗ್ಯಾಸಿನಲ್ಲಿ ಇದೇ ಕೆಲಸಕ್ಕೆ 20 ಗ್ರಾಂ ಆಸುಪಾಸು ಖರ್ಚಾಗಬೇಕು. ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು ಅದನ್ನು ಅಳೆಯಲು ಹೊರಟದ್ದು ವ್ಯರ್ಥವಾಯಿತು, ಏಕೆಂದರೆ ನಮ್ಮ ಯಂತ್ರಕ್ಕೆ 100 ಗ್ರಾಮಿಗಿಂತ ಕಡಿಮೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನು ವಾರಕ್ಕೊಮ್ಮೆ ತೂಗುವುದೆಂದು ನಿರ್ಧರಿಸಿದೆ.

ಗ್ಯಾಸ್ ಒಲೆಯ ದಕ್ಷತೆಯನ್ನು ಶೇಕಡಾ 68 ಎಂದು ಹಿಡಿದರೆ, ಒಂದು ಪೂರ್ಣ ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್ನಿನಲ್ಲಿ ಸುಮಾರು 145 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಬಿದ್ದರೆ 870 ರೂಪಾಯಿ. ಸಿಲಿಂಡರಿನ ದರ ಇದಕ್ಕಿಂತ ಕೆಳಗಿದ್ದರೆ ಗ್ಯಾಸ್ ಅಗ್ಗ, ಮೇಲಿದ್ದರೆ ವಿದ್ಯುತ್ ಅಗ್ಗ.

ದಿನ 23
ರಾಗಿಮುದ್ದೆ. ಎಸರು ಬೇಗ ಕುದಿಯಿತು. ತೊಂದರೆ ಬಂದದ್ದು ಹಿಟ್ಟು ತಿರುವುವಾಗ. ಗಂಟಾಗದಂತೆ ಮುದ್ದೆ ಕೋಲಿನಿಂದ ಬಲವಾಗಿ ತಿರುವಬೇಕಾದರೆ ಪಾತ್ರೆ ಕದಲದೆ ನಿಲ್ಲಬೇಕು. ನುಣುಪಾದ ಗಾಜಿನ ಮೇಲೆ ಅದು ಜಾರಿತು, ಸ್ವಲ್ಪ ವಾಲಿದ ಕೂಡಲೇ ಒಲೆ ತಾನಾಗಿಯೇ ನಿಂತಿತು, ಗಾಜು ಒಡೆದೀತೆಂಬ ಆತಂಕ ಬೇರೆ. ಅಮ್ಮ ಪಾತ್ರೆಯನ್ನು ಎತ್ತಿ ಆಚೆಗಿಟ್ಟು, "ಎಸರು ಬೇಕಾದ್ರೆ ಇದರಲ್ಲೇ ಕುದಿಸೋಣಪ್ಪ, ಹಿಟ್ಟು ತಿರುವೋದು ಮಾತ್ರ ಗ್ಯಾಸ್ ಮೇಲೇನೇ" ಎಂದರು. ಐವತ್ತು ವರ್ಷ ಮುದ್ದೆ ಮಾಡಿದ ಕೈಯ ತೀರ್ಮಾನವಿದು, ನಾನು ಒಪ್ಪಿದ್ದೇನೆ.

ದಿನ 31
ಅಗಲವಾದ ಕಾವಲಿಯ ನಡುಭಾಗ ಮಾತ್ರ ಕಾಯುವುದರಿಂದ ದೋಸೆಯ ಅಂಚು ಬಿಳಿಚಿಕೊಂಡೇ ಉಳಿಯಿತು. ಅಕ್ಕಿರೊಟ್ಟಿ ತಟ್ಟುವ ಬಾಣಲೆಯ ತಳ ದುಂಡಗಿದೆ, ಅದು ಕೂರುವುದೇ ಇಲ್ಲ. ಗೊಜ್ಜಿಗೆ ಬದನೆಕಾಯಿ ಸುಡಲು ಉರಿಯೇ ಬೇಕು. ಆದರೆ ಹಾಲು ಕಾಯಿಸಲು ಇಂಡಕ್ಷನ್ನಿಗೆ ಸಾಟಿಯಿಲ್ಲ.

ದಿನ 42
ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕವನ್ನು ಕಳೆದು ನೋಡಿದರೆ ಒಳಗೆ ಇನ್ನೂ ಐದೂವರೆ ಕೆಜಿ ಗ್ಯಾಸ್ ಇದೆ. ಇಂಡಕ್ಷನ್ ದಿನಕ್ಕೆ ಸರಾಸರಿ 2.1 ಯೂನಿಟ್ ಬಳಸಿದೆ. ಅಡುಗೆಯ ಸರಿಸುಮಾರು ಅರ್ಧದಷ್ಟು ಅದಕ್ಕೆ ದಾಟಿದೆ.

ಪೂರ್ತಿ ಬದಲಾಯಿಸದಿರಲು ಮುದ್ದೆಯಲ್ಲದೆ ಇನ್ನೊಂದು ಕಾರಣವೂ ಲೆಕ್ಕದಲ್ಲಿ ಕಂಡಿತು. ನಮ್ಮ ಮನೆಯ ಉಳಿದ ಬಳಕೆ ತಿಂಗಳಿಗೆ 110 ಯೂನಿಟ್. ಅರ್ಧ ಅಡುಗೆ ಸೇರಿದರೆ 173. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾದ ಮಿತಿಗಿಂತ ಹೆಚ್ಚಾದಷ್ಟಕ್ಕೆ ಮಾತ್ರ ಹಣ ಕಟ್ಟಿದರಾಯಿತು. ಪೂರ್ತಿ ಅಡುಗೆ ಸೇರಿದರೆ 230 ದಾಟುತ್ತದೆ, ಮತ್ತು 200 ಯೂನಿಟ್ ಮೀರಿದ ತಿಂಗಳಲ್ಲಿ ಇಡೀ ಬಿಲ್ಲನ್ನೇ ಕಟ್ಟಬೇಕು. ಹೀಗಾಗಿ ಅನ್ನ, ಬೇಳೆ, ಹಾಲು, ಕಾಫಿಯ ನೀರು ಇಂಡಕ್ಷನ್ನಿನಲ್ಲಿ. ಮುದ್ದೆ, ರೊಟ್ಟಿ, ದೋಸೆ ಗ್ಯಾಸಿನಲ್ಲಿ. ಮುಂದಿನ ತೂಕ ಭಾನುವಾರ.