ಹೊಲ ಮೇಲಿನಿಂದ, ಹೆಂಗಸರು ಪಕ್ಕದಿಂದ

17 ನವೆಂಬರ್ 2024, ಭಾನುವಾರ
ಧಾರವಾಡ

ಜಿಲ್ಲೆಯ ಡ್ರಾಯಿಂಗ್ ಟೀಚರ್‌ಗಳು ಇವತ್ತು ಸೇರಿದ್ದೆವು. ದೀಪ, ಹಾರ, ಭಾಷಣ ಎಲ್ಲ ಆಯಿತು. ಬೇಡಿಕೆಗಳನ್ನು ಓದಿದರು. ಖಾಲಿ ಹುದ್ದೆ ತುಂಬಬೇಕು, ಬಡ್ತಿ ಬೇಕು, ಬಣ್ಣಕ್ಕೆ ಹಾಳೆಗೆ ಅನುದಾನ ಬೇಕು. ಎಲ್ಲ ನ್ಯಾಯದ ಮಾತೇ. ಆದರೆ ಈಗ ರಾತ್ರಿ ಹನ್ನೊಂದಾದರೂ ನಿದ್ದೆ ಬರದೆ ಕೂತಿರುವುದು ಅದಕ್ಕಲ್ಲ.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬಗ್ಗೆ ಈ ಡೈರಿಯಲ್ಲೇ ಹಿಂದೆ ಬರೆದಿದ್ದೆ, ಕೋಳಿಗಳ ಚಿತ್ರ ಬರೆದವಳು. ಹೋದ ವಾರ ಹತ್ತಿ ಬಿಡಿಸುವ ಚಿತ್ರ ಬರೆದುಕೊಟ್ಟಳು. ಹೊಲ ಪೂರ್ತಿ ಮೇಲಿನಿಂದ ನೋಡಿದ ಹಾಗಿದೆ, ಸಾಲು ಸಾಲಾಗಿ, ಹಾಳೆಯ ತುದಿಯವರೆಗೆ. ಹೆಂಗಸರು ಮಾತ್ರ ಪಕ್ಕದಿಂದ. ಸೊಂಟಕ್ಕೆ ಕಟ್ಟಿದ ಉಡಿ, ಬಗ್ಗಿದ ಬೆನ್ನು, ತಲೆ ಮೇಲಿನ ಸೆರಗು ಎಲ್ಲ ಸ್ಪಷ್ಟ. ಸ್ಟಾಫ್ ರೂಮಿನಲ್ಲಿ ತೋರಿಸಿದೆ. "ಚಂದ ಐತ್ರಿ ಅಕ್ಕೋರ" ಅಂದರು, ಮತ್ತೆ ಪೇಪರ್ ತಿದ್ದಲು ಕೂತರು. ಅವರದು ತಪ್ಪಲ್ಲ. ಗಣಿತದವರಿಗೆ ಒಂದು ಲೆಕ್ಕದ ಬಗ್ಗೆ ಮಾತಾಡಲು ವಿಜ್ಞಾನದವರಾದರೂ ಇರುತ್ತಾರೆ. ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಇದ್ದರೆ ಒಬ್ಬರೇ. ಎಷ್ಟೋ ಶಾಲೆಗಳಲ್ಲಿ ಆ ಒಬ್ಬರೂ ಇಲ್ಲ. ಮಗುವಿನ ಚಿತ್ರ ಕೈಯಲ್ಲಿ ಹಿಡಿದುಕೊಂಡು ಯಾರ ಹತ್ತಿರ ಹೋಗಬೇಕು?

ಹಾಗಾಗಿ ಚಿತ್ರವನ್ನು ಸುರುಳಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ.

ಊಟ ಆದ ಮೇಲೆ ಹುಣಸೆ ಮರದ ಕೆಳಗೆ ಒಬ್ಬ ಹಿರಿಯ ಗುರುಗಳು ಕೂತಿದ್ದರು. ಚಿತ್ರಕಾರ ಹಾಲಭಾವಿಯವರು ಧಾರವಾಡದಲ್ಲಿ ಕಟ್ಟಿದ ಕಲಾಶಾಲೆಯಲ್ಲಿ ಕಲಿತವರು, ನಿವೃತ್ತಿಯಾಗಿ ಬಹಳ ವರ್ಷ ಆಯಿತು. ನಮ್ಮ ಕಡೆ ಹಳೆಯ ಡ್ರಾಯಿಂಗ್ ಮಾಸ್ತರರು ಅಂದರೆ ಒಂದೋ ಅಲ್ಲಿಯವರು, ಇಲ್ಲ ಗದಗಿನಲ್ಲಿ ಅಕ್ಕಿ ಮಾಸ್ತರರ ವಿಜಯ ಕಲಾ ಮಂದಿರದವರು. ಚಿತ್ರ ಬಿಚ್ಚಿ ಕೊಟ್ಟೆ. ಅವರು ಕನ್ನಡಕ ತೆಗೆದು, ಹಾಳೆಯನ್ನು ಮುಖದ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಸುಮ್ಮನೆ ನಿಂತಿದ್ದೆ.

"ಈ ಹುಡುಗಿ ಹತ್ತಿ ಬಿಡಸಾಕ ಹೋಗ್ತಾಳೇನ್ರಿ?"

"ಸೂಟಿ ಇದ್ದಾಗ ಅವ್ವನ ಕೂಡ ಹೋಗ್ತಾಳ್ರಿ."

"ಅದಕ್ಕ ಮತ್ತ. ದೂರ ನಿಂತು ನೋಡಿದವ್ರಿಗೆ ಸಾಲು ಹೋಗಿ ಹೋಗಿ ಕೂಡಿಬಿಡ್ತಾವು. ಹೊಲದಾಗ ನಿಂತು ಬಿಡಿಸೋರಿಗೆ ಯಾವ ಸಾಲೂ ಕೂಡಂಗಿಲ್ಲ. ಅಷ್ಟೂ ಸಾಲು ಬಿಡಿಸಿ ಮುಗಿಸ್ಬೇಕು. ಆಕಿ ಅದನ್ನ ಬರದಾಳ."

ಪಕ್ಕದಲ್ಲಿದ್ದ ಒಬ್ಬ ಹೊಸ ಟೀಚರ್, ಸೇವೆಗೆ ಸೇರಿ ಇನ್ನೂ ಜಾಸ್ತಿ ದಿನ ಆಗಿಲ್ಲ, ಮೆಲ್ಲಗೆ ಕೇಳಿದರು: "ಆದರ ಗುರುಗಳೇ, ಪರ್ಸ್‌ಪೆಕ್ಟಿವ್ ತಪ್ಪೈತಲ್ರಿ, ದೂರದ್ದು ಸಣ್ಣ ಕಾಣಬೇಕಲ್ರಿ. ಡ್ರಾಯಿಂಗ್ ಗ್ರೇಡ್ ಪರೀಕ್ಷಾದಾಗ ಹಿಂಗ ಬರದ್ರ?"

ಗುರುಗಳು ಸಿಟ್ಟಾಗಲಿಲ್ಲ. ನಮ್ಮ ಹಳೆಯ ಸೂಕ್ಷ್ಮಚಿತ್ರಗಳನ್ನು ನೆನಪು ಮಾಡಿಕೊಟ್ಟರು. ಅಲ್ಲಿ ಜಮಖಾನೆಯನ್ನು ಮೇಲಿನಿಂದ ನೋಡಿದ ಹಾಗೆ ಬರೆಯುತ್ತಾರೆ, ಅದರ ಹೂಬಳ್ಳಿ ಒಂದೂ ತಪ್ಪಬಾರದು ಅಂತ. ಅದರ ಮೇಲೆ ಕೂತ ದೊರೆಯನ್ನು ಪಕ್ಕದಿಂದ, ಮುಖದ ಗುರುತು ಹತ್ತಬೇಕು ಅಂತ. "ಅವ್ರಿಗೇನ್ ಚಿತ್ರ ಬರ್ತಿರ್ಲಿಲ್ಲೇನು? ಏನು ಕಾಣಬೇಕು ಅನ್ನೋದು ಅವ್ರಿಗೆ ಗೊತ್ತಿತ್ತು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬಕೆಟ್, ತಂಬಿಗಿ ಕಲಿಸ್ರಿ. ಬಾಯಿ ಹೆಂಗ ಅಂಡಾಕಾರ ಆಗತೈತಿ, ತಳ ಹೆಂಗ ಬಾಗತೈತಿ, ಎಲ್ಲಾ ಕಲಿಸ್ರಿ. ಅದು ಆಕಿಗೆ ಬೇಕು. ಆದರ ಇದನ್ನ ಮಾತ್ರ ತಿದ್ದಾಕ ಹೋಗಬ್ಯಾಡ್ರಿ."

ನನಗೆ ಗಂಟಲು ಕಟ್ಟಿತು. ನಮ್ಮ ಶಾಲೆಯ ಒಂದು ಮಗುವಿನ ಚಿತ್ರವನ್ನು, ಆ ಮಗುವನ್ನು ನೋಡಿಯೇ ಇರದವರು, ಇಷ್ಟು ಗೌರವದಿಂದ ಓದಿದರಲ್ಲ. ಈ ವಯಸ್ಸಿನಲ್ಲೇ ಮಕ್ಕಳು "ನಂಗ ಬರಂಗಿಲ್ರಿ ಟೀಚರ್" ಅಂತ ಪೆನ್ಸಿಲ್ ಕೆಳಗಿಡುವುದು. ಐದನೇ ಕ್ಲಾಸಿನವರೆಗೆ ಗೋಡೆ, ನೆಲ, ಪಾಟಿ ಏನನ್ನೂ ಬಿಡದೆ ಬರೆದವರು, ಕಂಡದ್ದು ಕಂಡ ಹಾಗೆ ಬರುತ್ತಿಲ್ಲ ಅಂತ ಹದಿಮೂರಕ್ಕೆ ನಿಲ್ಲಿಸಿಬಿಡುತ್ತಾರೆ. ಆ ಹೊತ್ತಿಗೆ ಪಕ್ಕದಲ್ಲಿ ಒಬ್ಬರು ಇರಬೇಕು, ಅಲ್ವಾ?

ಮಧ್ಯಾಹ್ನ ಕಲಘಟಗಿಯ ಸರ್ ಮಣ್ಣಿನಿಂದ ಬಣ್ಣ ಮಾಡಿ ತೋರಿಸಿದರು. ಬಣ್ಣದ ತೊಟ್ಟಿಲಿನ ಊರಿನವರು, ಬಣ್ಣದ ಮಾತು ಅವರ ಬಾಯಲ್ಲೇ ಕೇಳಬೇಕು. ಕೆಮ್ಮಣ್ಣನ್ನು ಕುಟ್ಟಿ, ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಅದು ಕೂತು ಆರಿದಾಗ ಸಿಗುವ ನುಣುಪು ಪುಡಿಗೆ, ರಾತ್ರಿಯೆಲ್ಲ ನೆನೆಸಿದ ಜಾಲಿ ಅಂಟು ಬೆರೆಸಿದರೆ ಬಣ್ಣ ರೆಡಿ. ಅಂಟು ಕಮ್ಮಿಯಾದರೆ ಬಣ್ಣ ಒಣಗಿದ ಮೇಲೆ ಪುಡಿಯಾಗಿ ಕೈಗೆ ಹತ್ತುತ್ತದೆ, ಜಾಸ್ತಿಯಾದರೆ ಬಿರುಕು ಬಿಡುತ್ತದೆ. ನಮ್ಮ ಎರೆಮಣ್ಣು ಕಪ್ಪು ಅಂದುಕೊಂಡಿದ್ದೆ, ಹಾಳೆ ಮೇಲೆ ಬೂದು ಬಂತು. ಕಪ್ಪಿಗೆ ಇದ್ದಿಲೇ ಬೇಕು. ಅರಿಶಿನದ ಹಳದಿ ಮಾತ್ರ ನಂಬುವ ಹಾಗಿಲ್ಲ, ಬಿಸಿಲಿಗೆ ಹಾರಿಹೋಗುತ್ತದೆ. ಬಣ್ಣದ ಡಬ್ಬಿ ಕೊಳ್ಳಲಾಗದ ಮಕ್ಕಳಿಗೆ ಹೊಲದಲ್ಲೇ ಬಣ್ಣ ಇದೆ ಅಂತ ತೋರಿಸಬಹುದು. ಇಂಥದ್ದು ಯಾವ ಸುತ್ತೋಲೆಯಲ್ಲೂ ಬರುವುದಿಲ್ಲ. ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿಯಬೇಕು.

ಬರುವಾಗ ಬಸ್ಸಿನಲ್ಲಿ ಸಿಟ್ಟು ಬಂತು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ನಮ್ಮದು ಒಂದೂ ಇಲ್ಲ. ಅದಕ್ಕೇ ಹತ್ತನೇ ಕ್ಲಾಸಿನ ಡ್ರಾಯಿಂಗ್ ಪೀರಿಯಡ್ ದೀಪಾವಳಿ ಮುಗಿಯುತ್ತಿದ್ದ ಹಾಗೆ ಪಾಸಾಗಲು ಬೇಕಾದಷ್ಟನ್ನೇ ಓದಿಸುವ ಪಾಸಿಂಗ್ ಪ್ಯಾಕೇಜಿಗೆ ಹೋಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ಇರಬೇಕು ಅಂದಿತ್ತು. 2020ರ ಶಿಕ್ಷಣ ನೀತಿಯೂ ಪಠ್ಯ, ಪಠ್ಯೇತರ ಅಂತ ಗೋಡೆ ಕಟ್ಟಬೇಡಿ ಅನ್ನುತ್ತದೆ. ಇತ್ತ ಪ್ರತಿಭಾ ಕಾರಂಜಿ ಬಂದಾಗ, ಆಗಸ್ಟ್ ಹದಿನೈದಕ್ಕೆ ರಂಗೋಲಿ ಬೇಕಾದಾಗ, ಪ್ರಮಾಣಪತ್ರದಲ್ಲಿ ಹೆಸರು ಚಂದ ಬರೆಯಬೇಕಾದಾಗ ನಾವು ಎಲ್ಲರಿಗೂ ಬೇಕು. ಬೇಕು ಅನ್ನಲಿ, ಬರೆದುಕೊಡೋಣ. ಆದರೆ ವಾರದ ಆ ನಲವತ್ತು ನಿಮಿಷ ಬಿಟ್ಟುಕೊಡಿ.

ಅತ್ತೆ ಎದ್ದು ಬಂದು, ದೀಪ ಆರಿಸು ಅಂದು ಹೋದರು.

ತಿಂಗಳಿಗೊಮ್ಮೆ, ಮೂರನೇ ಭಾನುವಾರ, ನಾವು ಕೆಲವರಾದರೂ ಸೇರೋಣ ಅಂತ ಮಾತಾಗಿದೆ. ಹಾರ ಬೇಡ, ಭಾಷಣ ಬೇಡ. ಒಬ್ಬೊಬ್ಬರು ತಮ್ಮ ಶಾಲೆಯ ಒಂದೊಂದು ಚಿತ್ರ ತರುವುದು, ಕೂತು ನೋಡುವುದು. ಜಾಗ ಇನ್ನೂ ಗೊತ್ತಾಗಿಲ್ಲ. ಕುಂದಗೋಳದವರಿಗೆ ದೂರ ಆಗಬಾರದು, ಹುಬ್ಬಳ್ಳಿಯೇ ಆದರೆ ಬಸ್ಸು ಸಲೀಸು.

ನಾಳೆ ಮೂರನೇ ಪೀರಿಯಡ್ ಎಂಟನೇ ಕ್ಲಾಸು. ಅವಳೂ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಹೆಸರು ಕೊಟ್ಟಿದ್ದಾಳೆ. ಅವಳ ಮುಂದೆ ಬಕೆಟ್ ಇಟ್ಟು, ಇದು ಹೀಗೆ ಕಾಣುತ್ತದೆ ನೋಡು ಅಂತ ಹೇಳಬೇಕು. ಹೇಳಿದ ಮೇಲೆ ಅವಳು ತನ್ನ ಹತ್ತಿ ಹೊಲ ತೆಗೆದು, ಹಂಗಾದ್ರ ಇದು ತಪ್ಪೇನ್ರಿ ಅಂತ ಕೇಳಿದರೆ, ಗುರುಗಳು ಹೇಳಿದ ಆ ಮಾತನ್ನು ಹದಿಮೂರರ ಹುಡುಗಿಗೆ ತಿಳಿಯುವ ಹಾಗೆ, ಮೊದಲು ಸಾಲುಗಳ ವಿಷಯ ಹೇಳಲೇ, ಅಥವಾ ಜಮಖಾನೆಯ ಚಿತ್ರವನ್ನೇ ತೋರಿಸಿ