ವಾಲ್ವ್ ಆಂಪ್ ಒಳಗಿನ ಕರೆಂಟು

ಗಂಗಾವತಿ ದೋಸ್ತನ ಬಾಸ್ ಗಿಟಾರ್ ಆಂಪ್ ಇವತ್ತ ಬಿಚ್ಚಿದೆ, ಟ್ರಾನ್ಸಿಸ್ಟರ್ ಬದ್ಲಿ ಗಾಜಿನ ವಾಲ್ವ್ ಇರೋ ಹಳೇ ಆಂಪ್ಲಿಫೈಯರ್.

ವಾಲ್ಯೂಮ್ ಪೂರಾ ಇಳಿಸಿದ್ರೂ ಗುಂಯ್ ಅನ್ನೋದು ನಿಲ್ಲವಲ್ದು, ಅಂದ್ರ ಗಿಟಾರ್ ಕೇಬಲ್ಲಿಂದಲ್ಲ, ಸಪ್ಲೈ ಕಡೆ ಮೊದ್ಲು ನೋಡ್ಬೇಕು. ನಮ್ಮ ಲೈನ್ 50 ಹರ್ಟ್ಜ್, ಎಸಿನ ಡಿಸಿ ಮಾಡೋ ಫುಲ್ ವೇವ್ ರೆಕ್ಟಿಫೈಯರ್ ದಾಟಿದ್ರ 100 ಆಗ್ತೈತಿ, ಈ ಸದ್ದು ಆ 100ರದ್ದ. ಆ ಏರಿಳಿತ ಸಮ ಮಾಡೋ ಫಿಲ್ಟರ್ ಕೆಪಾಸಿಟರ್ ಒಣಗ್ಯಾವ. ಬಿಸಿ ವಾಲ್ವ್ ಪಕ್ಕದಾಗ ಕುಂತಿರ್ತಾವ, ಮ್ಯಾಲೆ ನಮ್ಮ ಕೊಪ್ಪಳದ ಬ್ಯಾಸಗಿ, ಎಷ್ಟು ವರ್ಷ ತಡಕೋಬೇಕು ಪಾಪ.

ಆಂಪಿಗೆ ಬರೋ ಲೈನಿಗೆ ಸೀರೀಸ್‌ನಾಗ ಒಂದು ಬಲ್ಬ್ ಹಾಕಿ ನೋಡಿದೆ, ಶಾರ್ಟ್ ಇದ್ರ ಅದು ಫುಲ್ ಉರಿತಾನ ಇರ್ತೈತಿ; ಝಗ್ ಅಂತ ಹತ್ತಿ ಮಂದ ಆತು, ಶಾರ್ಟ್ ಇಲ್ಲ, ಜೀವಕ್ಕ ಸಮಾಧಾನ.

ಆಫ್ ಮಾಡಿ, ಪ್ಲಗ್ ಕಿತ್ತು, ಚಾ ಕುಡುದು ಬಂದು ಆ ಕೆಪಾಸಿಟರಿಗೆ ಮೀಟರ್ ಹಚ್ಚಿದ್ರ ಇನ್ನೂ 300 ವೋಲ್ಟ್ ಮ್ಯಾಲೆ! ಚಾರ್ಜ್ ಇಳಿಸೋ ಬ್ಲೀಡರ್ ರೆಸಿಸ್ಟರ್ರ ಒಳಗ ಕಟ್ ಆಗಿ ಓಪನ್ ಆಗೈತಿ. ಕ್ಲಿಪ್ಪಿಗೆ ದೊಡ್ಡ ವ್ಯಾಟಿನ ರೆಸಿಸ್ಟರ್ ಕಟ್ಟಿ, ಕರೆಂಟು ಎದಿ ದಾಟಿ ಹೋಗಬಾರ್ದಂತ ಒಂದು ಕೈ ಜೇಬಿನಾಗ ಇಟ್ಕೊಂಡು ಹಚ್ಚಿದೆ, ನಂಬರ್ ಇಳಿಯೂದು ನೋಡ್ಕೋತ ನಿಂತೆ, 280, 150, 60, 9... ಆಮ್ಯಾಲೆನ ಬೋರ್ಡ್ ಮುಟ್ಟಿದ್ದು.

ಹಿಂದಕ ವಾಲ್ವ್ ರೇಡಿಯೋ ರಿಪೇರಿ ಮಾಡ್ತಿದ್ದ ಹಿರಿಯಾರು ಇಂಥಾದ್ರಾಗ ದಿನಾ ಕೈ ಹಾಕ್ತಿದ್ರಲ್ಲ, ಅವರ ತಾಳ್ಮಿ ನೆನಪಾಗಿ ಭಾಳ ಗೌರವ ಬಂತು. ಈಗ ಆಂಪ್ ಬಿಚ್ಚೋ ಹುಡುಗರಿಗೆ ನಾವರ ಹೇಳ್ಬೇಕು, ಪ್ಲಗ್ ತೆಗದ್ರೂ ಅದು ಹೊಡಿತೈತಿ ಅಂತ.

450 ವೋಲ್ಟ್, 47 ಎಂಎಫ್‌ಡಿ, 105 ಡಿಗ್ರಿ ಬಿಸಿ ತಡಿಯೋ ಕೆಪಾಸಿಟರ್ ಹೊಸಪೇಟಿ, ಬಳ್ಳಾರಿ ಕಡೆ ಎಲ್ಲರ ಸಿಕ್ರ ತಿಳಸ್ರಪಾ, 85 ಡಿಗ್ರಿದು ಬ್ಯಾಡ.